443ರ ಪಕ್ಕದ ನಕ್ಷತ್ರ: ಪುಣೆಯ ಒಂದು ಹಳೆಯ ಸ್ಕೋರ್‌ಕಾರ್ಡ್ ಓದೋದು ಹೇಗೆ

(ಹಡಪಸರದಲ್ಲಿ ಶನಿವಾರ ಸಂಜೆ ಕೊಟ್ಟ ಮಾತಿನ ಬರಹರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಅಲ್ಪಸ್ವಲ್ಪ ತಿದ್ದಿ ಹಾಕಿದ್ದೇವೆ.)

ಗಾಡಿತಳದ ಟ್ರಾಫಿಕ್ ದಾಟ್ಕೊಂಡು ಬಂದಿದ್ದೀರಿ, ಅದಕ್ಕೇ ಮೊದಲು ಥ್ಯಾಂಕ್ಸ್ ಹೇಳಬೇಕು. ಹೋದ ಸಲ ಮಾತಾಡಿದವರು ಮಷಿನ್ ಲರ್ನಿಂಗ್ ಬಗ್ಗೆ ದೊಡ್ಡ ದೊಡ್ಡ ವಿಷಯ ಹೇಳಿ ಹೋದರು. ನಾನು ತಂದಿರೋ ಡೇಟಾ ಒಂದು ಪುಟದಲ್ಲಿ ಮುಗಿಯುತ್ತೆ. ಇಪ್ಪತ್ತೆರಡು ಹೆಸರು, ಅವುಗಳ ಮುಂದೆ ಒಂದಿಷ್ಟು ಅಂಕಿ. 1948ರ ಡಿಸೆಂಬರ್, ಇದೇ ಪುಣೆ. ರಣಜಿ ಟ್ರೋಫಿಯಲ್ಲಿ ಮಹಾರಾಷ್ಟ್ರ ಮತ್ತು ಕಾಠಿಯಾವಾಡ ಆಡಿದ ಪಂದ್ಯದ ಸ್ಕೋರ್‌ಕಾರ್ಡ್.

ಮಗರಪಟ್ಟಾ ಆಗ ಹೊಲ. ನಮ್ಮಂಥವರು ಇಲ್ಲಿಗೆ ಬರೋದಕ್ಕೆ ಇನ್ನೂ ಐವತ್ತು ವರ್ಷ ಬಾಕಿ ಇತ್ತು. ಆದರೆ ಈ ಪಂದ್ಯದ ಮುಖ್ಯ ಪಾತ್ರಧಾರಿ ನಮಗೆ ತೀರಾ ಹೊರಗಿನವರಲ್ಲ. ಭಾವುಸಾಹೇಬ ನಿಂಬಾಳ್ಕರ್, ಕೊಲ್ಹಾಪುರದವರು. ನಮ್ಮ ನಿಪ್ಪಾಣಿಯಿಂದ ಕೊಲ್ಹಾಪುರ ಗಂಟೆಯೊಳಗಿನ ದಾರಿ. ಅವರು ಹುಟ್ಟಿದ್ದು 1919ರ ಡಿಸೆಂಬರ್ 12ಕ್ಕೆ, ಪಂದ್ಯ ಶುರುವಾಗಿದ್ದು 1948ರ ಡಿಸೆಂಬರ್ 16ಕ್ಕೆ. ಅಂದರೆ ಇಪ್ಪತ್ತೊಂಬತ್ತು ತುಂಬಿ ನಾಲ್ಕು ದಿನ ಆಗಿತ್ತು.

ಈಗ ಸ್ಕ್ರೀನ್ ಮೇಲೆ ನೋಡ್ರಿ. ಕಾಠಿಯಾವಾಡ 238ಕ್ಕೆ ಆಲ್‌ಔಟ್. ಮಹಾರಾಷ್ಟ್ರ 4 ವಿಕೆಟ್‌ಗೆ 826. ಕೆ.ವಿ. ಭಂಡಾರ್ಕರ್ 205. ಬಿ.ಬಿ. ನಿಂಬಾಳ್ಕರ್ 443, ಪಕ್ಕದಲ್ಲಿ ಒಂದು ನಕ್ಷತ್ರ. ಇಬ್ಬರೂ ಸೇರಿ ಎರಡನೇ ವಿಕೆಟ್‌ಗೆ 455. ನಿಂಬಾಳ್ಕರ್ ಆಡಿದ್ದು 494 ನಿಮಿಷ, ಹೊಡೆದದ್ದು 49 ಫೋರ್, 1 ಸಿಕ್ಸ್.

ಒಂದು ತಮಾಷೆ. 443ರಲ್ಲಿ 238 ಕಳೀರಿ, ಎಷ್ಟು ಉಳಿಯುತ್ತೆ? 205. ಇಡೀ ಕಾಠಿಯಾವಾಡ ತಂಡಕ್ಕೆ ಭಂಡಾರ್ಕರ್ ಅವರನ್ನ ಸೇರಿಸಿದರೆ ನಿಂಬಾಳ್ಕರ್ ಒಬ್ಬರಿಗೆ ಸಮ. ಇದಕ್ಕೆ ಅರ್ಥ ಏನೂ ಇಲ್ಲ, ಬರೀ ಕಾಕತಾಳೀಯ. ಆದರೂ ರಾತ್ರಿ ಹನ್ನೊಂದಕ್ಕೆ ಇದು ಕಣ್ಣಿಗೆ ಬಿದ್ದಾಗ ಹೆಂಡತಿಯನ್ನ ಎಬ್ಬಿಸಿ ಹೇಳಬೇಕು ಅನ್ನಿಸ್ತು. ಎಬ್ಬಿಸಲಿಲ್ಲ.

ಇನ್ನೊಂದು ಲೆಕ್ಕ ಸ್ವಲ್ಪ ಉಪಯೋಗದ್ದು. 49 ಫೋರ್ ಅಂದರೆ 196, ಸಿಕ್ಸ್ ಸೇರಿ 202. ಉಳಿದ 241 ರನ್ ಓಡಿ ಗಳಿಸಿದ್ದು. ಎರಡು ಕ್ರೀಸ್‌ಗಳ ನಡುವೆ ಹದಿನೇಳೂವರೆ ಮೀಟರ್ ಮೇಲಿದೆ. ಪ್ಯಾಡ್ ಕಟ್ಟಿಕೊಂಡು, ಬ್ಯಾಟ್ ಹಿಡ್ಕೊಂಡು, ಬರೀ ತಮ್ಮ ರನ್‌ಗಳಿಗೇ ನಾಲ್ಕು ಕಿಲೋಮೀಟರ್‌ಗಿಂತ ಜಾಸ್ತಿ ಓಡಿದ್ದಾರೆ. ಅದರ ಮೇಲೆ ಭಂಡಾರ್ಕರ್ ಹೊಡೆದದ್ದಕ್ಕೂ ಎದುರು ತುದಿಯಿಂದ ಓಡಬೇಕಲ್ಲ! ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 54 ರನ್, ಅದೂ ಎಂಟು ಗಂಟೆ ಹದಿನಾಲ್ಕು ನಿಮಿಷ.

ಸರಿ, ನಕ್ಷತ್ರಕ್ಕೆ ಬರೋಣ. ಇವತ್ತಿನ ಮಾತೆಲ್ಲ ಅದರ ಮೇಲೇ.

ನಕ್ಷತ್ರ ಅಂದರೆ ನಾಟ್‌ಔಟ್ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಅಂಕಿಅಂಶದ ಕಣ್ಣಲ್ಲಿ ನೋಡಿದರೆ ಅದು ತುಂಬಾ ಪ್ರಾಮಾಣಿಕ ಗುರುತು. ಸ್ಟ್ಯಾಟಿಸ್ಟಿಕ್ಸ್ ಓದಿದವರು ಇಲ್ಲಿದ್ದರೆ ಸೆನ್ಸರ್ಡ್ ಡೇಟಾ ಅನ್ನೋದು ನೆನಪಿರಬಹುದು. ಬಲ್ಬ್ ಎಷ್ಟು ಗಂಟೆ ಉರಿಯುತ್ತೆ ಅಂತ ಟೆಸ್ಟ್ ಮಾಡ್ತೀರಿ. ಸಾವಿರ ಗಂಟೆಗೆ ಟೆಸ್ಟ್ ನಿಲ್ಲಿಸ್ತೀರಿ, ಬಲ್ಬ್ ಇನ್ನೂ ಉರೀತಾ ಇದೆ. ಆಗ ಅದರ ಆಯಸ್ಸು ಸಾವಿರ ಅಂತ ಬರೆಯೋ ಹಾಗಿಲ್ಲ, ‘ಕನಿಷ್ಠ ಸಾವಿರ’ ಅಂತ ಬರೀಬೇಕು. 443ರ ನಕ್ಷತ್ರ ಹೇಳೋದೂ ಅದನ್ನೇ: ಕನಿಷ್ಠ 443. ಬಲ್ಬ್ ಉರೀತಾ ಇತ್ತು, ಟೆಸ್ಟ್ ನಿಂತಿತು.

ಟೆಸ್ಟ್ ಯಾಕೆ ನಿಂತಿತು? ಅದು ಆ ಸಾಲಿನಲ್ಲಿ ಇಲ್ಲ.

ಏನಾಯಿತು ಅಂದರೆ, ಮೂರನೇ ದಿನದ ಆಟದಲ್ಲಿ ನಿಂಬಾಳ್ಕರ್ 443ರಲ್ಲಿದ್ದಾಗ ವಿರಾಮ ಬಂತು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಆಗಿನ ವಿಶ್ವ ದಾಖಲೆ ಡಾನ್ ಬ್ರಾಡ್ಮನ್ ಅವರದ್ದು, 1930ರ ಜನವರಿಯಲ್ಲಿ ಸಿಡ್ನಿಯಲ್ಲಿ ಹೊಡೆದ 452. ಸಮ ಮಾಡೋಕೆ ಒಂಬತ್ತು, ದಾಟೋಕೆ ಹತ್ತು ರನ್ ಬೇಕು. ಹತ್ತು ನಿಮಿಷದ ಕೆಲಸ. ಆದರೆ ವಿರಾಮದಲ್ಲೇ ಕಾಠಿಯಾವಾಡದ ನಾಯಕ, ರಾಜಕೋಟದ ಠಾಕೋರ್ ಸಾಹೇಬರು, ಇನ್ನು ನಾವು ಆಡೋದಿಲ್ಲ ಅಂತ ಪಂದ್ಯ ಬಿಟ್ಟುಕೊಟ್ಟರು. ತಮ್ಮ ತಂಡದ ಹೆಸರು ಇಂಥ ದಾಖಲೆಯ ಜತೆ ಸೇರೋದು ಅವರಿಗೆ ಬೇಕಿರಲಿಲ್ಲ. ಆಟ ಅಲ್ಲಿಗೇ ನಿಂತಿತು.

ಈಗ ಇಂಜಿನಿಯರ್‌ಗಳಾಗಿ ಯೋಚನೆ ಮಾಡಿ. ನಮ್ಮ ಲಾಗ್‌ಗಳಲ್ಲಿ ಒಂದು ಪ್ರೊಸೆಸ್ ನಿಂತರೆ ಕಾರಣದ ಕೋಡ್ ಇರುತ್ತೆ: ಟೈಮ್‌ಔಟ್ ಆಯ್ತಾ, ಮೆಮರಿ ಸಾಲಲಿಲ್ವಾ, ಯಾರಾದರೂ ಕೈಯಾರೆ ಕೊಂದರಾ. ಸ್ಕೋರ್‌ಕಾರ್ಡ್‌ನಲ್ಲಿ ಔಟ್ ಆದವರಿಗೆ ಈ ಕೋಡ್ ಚೆನ್ನಾಗಿದೆ. ಬೌಲ್ಡ್, ಕ್ಯಾಚ್, ಎಲ್‌ಬಿ, ರನ್‌ಔಟ್, ಯಾರು ಹಿಡಿದರು, ಯಾರು ಎಸೆದರು ಎಲ್ಲ ಇದೆ. ನಾಟ್‌ಔಟ್ ಆದವರಿಗೆ ಮಾತ್ರ ಒಂದೇ ಗುರುತು. ಬ್ರಾಡ್ಮನ್‌ರ 452ಕ್ಕೂ ನಕ್ಷತ್ರ ಇದೆ. ಅವರದ್ದು ದಾಖಲೆ ಮುಗಿಸಿದ ನಂತರ ಸ್ವಂತ ತಂಡ ಡಿಕ್ಲೇರ್ ಮಾಡಿಕೊಂಡ ನಕ್ಷತ್ರ. ಇವರದ್ದು ಎದುರಿನವರು ಮೈದಾನಕ್ಕೇ ಬಾರದ ನಕ್ಷತ್ರ. ಎರಡೂ ಕಾಲಂನಲ್ಲಿ ಒಂದೇ ಥರ ಕಾಣುತ್ತೆ.

ಅದೇ ದಾಖಲೆಯ ಮುಂದಿನ ಕಥೆಯಲ್ಲಿ ನಕ್ಷತ್ರವೇ ಇಲ್ಲ. 1959ರ ಜನವರಿ, ಕರಾಚಿ. ಹನೀಫ್ ಮೊಹಮ್ಮದ್ ಬಹಾವಲಪುರದ ವಿರುದ್ಧ ಆಡ್ತಾ ಬ್ರಾಡ್ಮನ್‌ರನ್ನ ದಾಟಿ 498ಕ್ಕೆ ಬಂದರು. ದಿನದ ಕೊನೆಯ ಎರಡು ಬಾಲ್ ಬಾಕಿ. ಮೈದಾನದ ಸ್ಕೋರ್‌ಬೋರ್ಡ್ ತೋರಿಸ್ತಿದ್ದದ್ದು 496. ಬೋರ್ಡ್ ನೋಡಿದ ಹನೀಫ್‌ರಿಗೆ ನಾಲ್ಕು ರನ್ ಬೇಕು ಅನ್ನಿಸ್ತು. ಒಂದು ಓಡಿ, ಸ್ಟ್ರೈಕ್ ಉಳಿಸಿಕೊಳ್ಳೋಕೆ ಎರಡನೆಯದಕ್ಕೂ ಓಡಿದರು. ರನ್‌ಔಟ್, 499. ಡೇಟಾಬೇಸ್ ಸರಿ ಇತ್ತು, ಡ್ಯಾಶ್‌ಬೋರ್ಡ್ ಹಿಂದೆ ಬಿದ್ದಿತ್ತು. ಪ್ರೊಡಕ್ಷನ್ ಸಪೋರ್ಟ್‌ನಲ್ಲಿ ಇರೋರು ಯಾಕೆ ನಗ್ತಿದ್ದೀರಿ ಅಂತ ಗೊತ್ತು ನನಗೆ. 1994ರಲ್ಲಿ ಬ್ರಯನ್ ಲಾರಾ 501 ಹೊಡೆಯೋವರೆಗೂ ಆ 499 ಮೇಲೇ ಇತ್ತು. ನಿಂಬಾಳ್ಕರ್ 1948ರಲ್ಲಿ ಜಗತ್ತಿನಲ್ಲಿ ಎರಡನೆಯವರು, ಈಗ ನಾಲ್ಕನೆಯವರು. ಪ್ರಥಮ ದರ್ಜೆಯಲ್ಲಿ ನಾನೂರು ದಾಟಿದ ಭಾರತೀಯ ಇವತ್ತಿಗೂ ಅವರೊಬ್ಬರೇ.

ಈಗ ಸ್ವಲ್ಪ ಅಮೆರಿಕದ ಕಡೆ ಹೋಗಿ ಬರಬೇಕು. ಸ್ಕೋರ್‌ಕಾರ್ಡ್ ಅನ್ನೋ ಕ್ರಿಕೆಟ್ ವಸ್ತುವಿಗೆ ಅಲ್ಲೊಬ್ಬ ತಮ್ಮ ಇದ್ದಾನೆ. ಬೇಸ್‌ಬಾಲ್‌ನ ಬಾಕ್ಸ್ ಸ್ಕೋರ್. ಅದನ್ನ 1859ರ ಹೊತ್ತಿಗೆ ರೂಪಿಸಿದ ಹೆನ್ರಿ ಚಾಡ್ವಿಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೀತಿದ್ದವರು. ಕ್ರಿಕೆಟ್ ಕಾರ್ಡನ್ನೇ ಬಗ್ಗಿಸಿ ಬೇಸ್‌ಬಾಲ್‌ಗೆ ಹೊಂದಿಸಿದರು. ಬೇಸ್‌ಬಾಲ್‌ನವರು ಅದಕ್ಕೊಂದು ಒಳ್ಳೆ ಗುಣ ಕೊಟ್ಟಿದ್ದಾರೆ: ಬಾಕ್ಸ್ ಸ್ಕೋರನ್ನ ಪ್ರೂವ್ ಮಾಡಬಹುದು. ಒಂದು ತಂಡದ ಬ್ಯಾಟರ್‌ಗಳು ಒಟ್ಟು ಎಷ್ಟು ಸಲ ಆಡೋಕೆ ಬಂದರೋ, ಅದು ಅವರ ರನ್, ಬೇಸ್‌ಗಳ ಮೇಲೆ ಉಳಿದುಹೋದವರು, ಎದುರಾಳಿ ಪಡೆದ ಔಟ್‌ಗಳು, ಈ ಮೂರರ ಮೊತ್ತಕ್ಕೆ ಸಮ ಆಗಬೇಕು. ಆಗಲಿಲ್ಲ ಅಂದರೆ ಎಲ್ಲೋ ತಪ್ಪು ಬರೆದಿದ್ದಾರೆ.

ಇದರ ಅತ್ಯಂತ ಸರಳ ಉದಾಹರಣೆ 1956ರ ಅಕ್ಟೋಬರ್ 8ರ ವರ್ಲ್ಡ್ ಸೀರೀಸ್ ಪಂದ್ಯ. ನ್ಯೂಯಾರ್ಕ್ ಯಾಂಕೀಸ್‌ನ ಡಾನ್ ಲಾರ್ಸನ್ 97 ಬಾಲ್ ಎಸೆದು ಬ್ರೂಕ್ಲಿನ್ ಡಾಡ್ಜರ್ಸ್‌ನ ಒಬ್ಬರನ್ನೂ ಬೇಸ್ ಮುಟ್ಟೋಕೆ ಬಿಡಲಿಲ್ಲ. ಬಂದವರು 27, ರನ್ 0, ಉಳಿದವರು 0, ಔಟ್ 27. ಲೆಕ್ಕ ಮುಗೀತು. ನಮ್ಮ ಭಾಷೇಲಿ ಹೇಳೋದಾದರೆ ಚೆಕ್‌ಸಮ್ ಪಾಸ್.

ಕ್ರಿಕೆಟ್‌ಗೂ ಇಂಥ ಚೆಕ್‌ಸಮ್ ಇದೆ. ಬ್ಯಾಟ್ಸ್‌ಮನ್‌ಗಳ ರನ್ ಮತ್ತು ಎಕ್ಸ್‌ಟ್ರಾ ಕೂಡಿದರೆ ತಂಡದ ಮೊತ್ತ. ಬೌಲರ್‌ಗಳು ಕೊಟ್ಟಿದ್ದು, ಬೈ, ಲೆಗ್‌ಬೈ ಕೂಡಿದರೂ ಅದೇ ಮೊತ್ತ. ನಮ್ಮೂರ ಕಿರಾಣಿ ಅಂಗಡಿಯ ಜಮಾ-ಖರ್ಚಿನ ಪುಸ್ತಕ ಇದ್ದ ಹಾಗೆ. ಇಲ್ಲೇ ಮಾಡಿ ತೋರಿಸ್ತೀನಿ. ಅದೇ ಸೀಸನ್, ಅದೇ ಪುಣೆ, 1949ರ ಮಾರ್ಚ್, ರಣಜಿ ಸೆಮಿಫೈನಲ್. ಮುಂಬೈ 651, ಮಹಾರಾಷ್ಟ್ರ 407. ಮತ್ತೆ ಮುಂಬೈ 8 ವಿಕೆಟ್‌ಗೆ 714 ಡಿಕ್ಲೇರ್, ಮಹಾರಾಷ್ಟ್ರ 604. ಏಳು ದಿನ ಆಡಿದರು. ಕೂಡಿಸಿ: 2376 ರನ್, 38 ವಿಕೆಟ್. ಒಂದು ಪ್ರಥಮ ದರ್ಜೆ ಪಂದ್ಯದಲ್ಲಿ ಇಷ್ಟು ರನ್ ಬೇರೆಲ್ಲೂ ಬಂದಿಲ್ಲ. ಒಟ್ಟು ಒಂಬತ್ತು ಶತಕ. ಉದಯ ಮರ್ಚೆಂಟ್, ದತ್ತು ಫಡ್ಕರ್, ಮಧುಸೂದನ ರೇಗೆ ಮೂವರೂ ಎರಡೂ ಇನಿಂಗ್ಸ್‌ನಲ್ಲಿ ಶತಕ ಹೊಡೆದರು. ಮುಂಬೈ ಒಟ್ಟು 1365, ಮಹಾರಾಷ್ಟ್ರ 1011, ವ್ಯತ್ಯಾಸ 354. ದಾಖಲೆಯಲ್ಲೂ ಮುಂಬೈ 354 ರನ್‌ಗಳಿಂದ ಗೆದ್ದಿತು ಅಂತಲೇ ಇದೆ. ವಿಕೆಟ್‌ಗೆ ಸರಾಸರಿ ಅರವತ್ತೆರಡೂವರೆ ರನ್. ಬೌಲರ್‌ಗಳ ಗತಿ ಏನು ಅಂತ ಕೇಳಬೇಡಿ.

ಆದರೆ ಕ್ರಿಕೆಟ್‌ನ ಹಳೆಯ ಸ್ಕೋರ್‌ಬುಕ್ಕಿಗೆ ಒಂದು ದೊಡ್ಡ ಕೊರತೆ ಇದೆ, ಡೇಟಾಬೇಸ್ ಕೆಲಸ ಮಾಡೋರಿಗೆ ತಕ್ಷಣ ಹೊಳೆಯುತ್ತೆ. ಅದರಲ್ಲಿ ಎರಡು ಟೇಬಲ್. ಒಂದು ಬ್ಯಾಟ್ಸ್‌ಮನ್‌ದು: ಹೆಸರಿನ ಮುಂದೆ 1, 4, 2, 1 ಅಂತ ಸಾಲಾಗಿ. ಇನ್ನೊಂದು ಬೌಲರ್‌ದು: ಓವರ್‌ಗೊಂದು ಚೌಕ, ಒಳಗೆ ಆರು ಬಾಲಿನ ಗುರುತು. ಎರಡನ್ನೂ ಜೋಡಿಸೋ ಫಾರಿನ್ ಕೀ ಇಲ್ಲ! ಈ ಬ್ಯಾಟ್ಸ್‌ಮನ್ ಹೊಡೆದ ಈ ಫೋರ್ ಯಾವ ಬೌಲರ್‌ನ ಎಷ್ಟನೇ ಬಾಲಿನಲ್ಲಿ ಅಂತ ನೇರವಾಗಿ ಹೇಳೋಕೆ ಬರಲ್ಲ. ಪುಸ್ತಕ ನೀಟಾಗಿದ್ದರೆ ಕೂತು ಒಂದೊಂದೇ ಓವರ್ ಹೊಂದಿಸಿ ಬಿಡಿಸಬಹುದು. ಆಸ್ಟ್ರೇಲಿಯಾದ ಚಾರ್ಲ್ಸ್ ಡೇವಿಸ್ ಹಳೆಯ ಟೆಸ್ಟ್‌ಗಳಿಗೆ ಈ ಕೆಲಸ ವರ್ಷಗಟ್ಟಲೆ ಮಾಡಿದ್ದಾರೆ. ಅಮೆರಿಕದಲ್ಲಿ ಬೇಸ್‌ಬಾಲ್‌ಗೆ ಇದನ್ನೇ ಮಾಡೋಕೆ 1989ರಲ್ಲಿ ರೆಟ್ರೋಶೀಟ್ ಅಂತ ಒಂದು ಸಂಸ್ಥೆ ಶುರುವಾಯಿತು. ಸ್ವಯಂಸೇವಕರು ಹಳೆಯ ಪಂದ್ಯಗಳ ಒಂದೊಂದು ಆಟವನ್ನೂ ಕಂಪ್ಯೂಟರ್‌ಗೆ ಹಾಕ್ತಾರೆ. ಬ್ಯಾಟರ್, ಪಿಚರ್, ಕ್ರಮ ಮೂರೂ ಒಂದೇ ಹಾಳೆಯಲ್ಲಿ ಇರೋದರಿಂದ ಅವರ ಕೆಲಸ ಸ್ವಲ್ಪ ಸುಲಭ.

ಹಾಗಾಗಿ 443ರ ಬಗ್ಗೆ ನಮಗಿರೋದು ನಿಮಿಷ, ಫೋರ್, ಸಿಕ್ಸ್. ಈಗಿನ ಹುಡುಗರು ಮೊದಲು ಕೇಳೋ ಸ್ಟ್ರೈಕ್‌ರೇಟ್ ಆ ಕಾರ್ಡ್‌ನಲ್ಲಿ ಹುಟ್ಟೋದೇ ಇಲ್ಲ.

ಇನ್ನು ನಮ್ಮವರ ಕಥೆ. ನಿಂಬಾಳ್ಕರ್ ಬರೋಡಾ, ಹೋಳ್ಕರ್, ಮಹಾರಾಷ್ಟ್ರ, ರಾಜಸ್ಥಾನ, ರೈಲ್ವೇಸ್ ಇಷ್ಟೂ ತಂಡಗಳಿಗೆ ಆಡಿದವರು. ನಮ್ಮ ಥರವೇ ಕಂಪನಿ ಬದಲಾಯಿಸಿದವರು ಅಂತಿಟ್ಕೊಳ್ಳಿ. ಆಗ ಕ್ರಿಕೆಟ್‌ನಿಂದ ಹೊಟ್ಟೆ ತುಂಬ್ತಿರಲಿಲ್ಲ. ಮಹಾರಾಜರ ಆಶ್ರಯ ಇಲ್ಲವೇ ರೈಲ್ವೆ ನೌಕರಿ. ಅವರು ಹೋಳ್ಕರ್ ತಂಡದಲ್ಲಿದ್ದಾಗ, 1945-46ರ ರಣಜಿ ಸೆಮಿಫೈನಲ್‌ನಲ್ಲಿ ಇಂದೋರ್‌ಗೆ ಆಡೋಕೆ ಹೋದವರು ಯಾರು ಗೊತ್ತಾ? ನಮ್ಮ ಮೈಸೂರು.

ಹೋಳ್ಕರ್ 8 ವಿಕೆಟ್‌ಗೆ 912 ಡಿಕ್ಲೇರ್. ಒಂದೇ ಇನಿಂಗ್ಸ್‌ನಲ್ಲಿ ಆರು ಶತಕ: ಭಂಡಾರ್ಕರ್, ಸರ್ವಟೆ, ಜಗದಾಳೆ, ಐವತ್ತು ದಾಟಿದ್ದ ಸಿ.ಕೆ. ನಾಯುಡು, ನಿಂಬಾಳ್ಕರ್, ಪ್ರತಾಪ್ ಸಿಂಗ್. ಅದೇ ಭಂಡಾರ್ಕರ್ 142, ಅದೇ ನಿಂಬಾಳ್ಕರ್ 172. ಕಾಠಿಯಾವಾಡಕ್ಕೆ ಆದದ್ದರ ಮೊದಲ ಕಂತು ನಮಗೇ ಆಗಿತ್ತು.

ಆ ಕಾರ್ಡ್‌ನ ಬೌಲಿಂಗ್ ಭಾಗದಲ್ಲಿ ಒಂದು ಸಾಲು ನೋಡಿ. ಬಿ.ಕೆ. ಗರುಡಾಚಾರ್, 301 ರನ್‌ಗೆ 4 ವಿಕೆಟ್. ಮುನ್ನೂರ ಒಂದು. ಇನಿಂಗ್ಸ್‌ವೊಂದರಲ್ಲಿ ಅತಿ ಹೆಚ್ಚು ರನ್ ಕೊಟ್ಟವರ ಪಟ್ಟಿಯಲ್ಲಿ ಅವರ ಹೆಸರು ಇವತ್ತಿಗೂ ಇದೆ. ಹುಡುಕಿದರೆ ಮೊದಲು ಸಿಗೋದು ಅದೇ. ಆದರೆ ಅದೇ ಕಾರ್ಡ್‌ನಲ್ಲಿ ಸ್ವಲ್ಪ ಕೆಳಗೆ ಬನ್ನಿ. ಮೈಸೂರಿನ ಎರಡನೇ ಇನಿಂಗ್ಸ್, ಗರುಡಾಚಾರ್ 164. ಅಷ್ಟು ಓವರ್ ಎಸೆದ ಕೈಯಲ್ಲೇ ಬ್ಯಾಟ್ ಹಿಡಿದು ತಮ್ಮ ಜೀವನದ ದೊಡ್ಡ ಸ್ಕೋರ್ ಹೊಡೆದರು. ಬಿದ್ದ 8 ವಿಕೆಟ್‌ಗಳಲ್ಲಿ ಅರ್ಧ ಅವರದ್ದೇ ಅನ್ನೋದನ್ನೂ ಮರೀಬಾರದು. ದಾಖಲೆ ಪುಸ್ತಕದ ಪಟ್ಟಿಗಳು ಮಾಡೋ ಕೆಲಸ ಇದು, ಇಡೀ ಕಾರ್ಡ್‌ನಿಂದ ಒಂದು ಸೆಲ್ ಕಿತ್ತು ಬೇರೆ ಕಡೆ ಅಂಟಿಸ್ತಾರೆ. ನಮ್ಮ ಅಪ್ರೈಸಲ್ ಸ್ಲೈಡ್‌ಗಳಲ್ಲಿ ಆಗೋದೂ ಅದೇ ಅಲ್ವಾ? ವರ್ಷದ ಒಂದು ಔಟೇಜ್ ದಪ್ಪಕ್ಷರದಲ್ಲಿ ಇರುತ್ತೆ. ಗರುಡಾಚಾರ್ 2016ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ನಿಂಬಾಳ್ಕರ್ ಅವರದ್ದು ಉಲ್ಟಾ. ಅವರ ಸೆಲ್ ಚಿನ್ನದ್ದು, ಆದರೆ ಉಪಯೋಗಕ್ಕೆ ಬರಲಿಲ್ಲ.

ತಾರೀಖು ಪಕ್ಕಪಕ್ಕ ಇಟ್ಟು ನೋಡ್ರಿ. ಆ ಚಳಿಗಾಲದಲ್ಲಿ ವೆಸ್ಟ್ ಇಂಡೀಸ್ ಭಾರತ ಪ್ರವಾಸದಲ್ಲಿತ್ತು. ಎರಡನೇ ಟೆಸ್ಟ್ ಮುಂಬೈಯಲ್ಲಿ ಮುಗಿದದ್ದು ಡಿಸೆಂಬರ್ 13ಕ್ಕೆ. ಪುಣೆಯ ಈ ಪಂದ್ಯ 16ರಿಂದ 18. ಮೂರನೇ ಟೆಸ್ಟ್ ಕಲ್ಕತ್ತಾದಲ್ಲಿ ಶುರುವಾದದ್ದು 31ಕ್ಕೆ. ಎರಡು ವಾರವೂ ಇಲ್ಲ. ಎವರ್ಟನ್ ವೀಕ್ಸ್ ಆ ಸರಣಿಯಲ್ಲಿ ಶತಕದ ಮೇಲೆ ಶತಕ ಹೊಡೀತಿದ್ದರು. ಇತ್ತ ಒಬ್ಬ ಮನುಷ್ಯ 443 ಹೊಡೆದು, ಔಟೂ ಆಗದೆ, ಪುಣೆಯಲ್ಲಿ ಕೂತಿದ್ದ. ಸರಣಿಯ ಉಳಿದ ಮೂರು ಟೆಸ್ಟ್‌ಗಳಲ್ಲಿ ಅವರ ಹೆಸರಿಲ್ಲ. ಮುಂದಿನ ವರ್ಷ ಕಾಮನ್‌ವೆಲ್ತ್ ತಂಡದ ವಿರುದ್ಧ ಒಂದು ಅನಧಿಕೃತ ಟೆಸ್ಟ್ ಸಿಕ್ಕಿತು. ಅಧಿಕೃತ ಟೆಸ್ಟ್ ಒಂದೂ ಇಲ್ಲ, ಕೊನೇವರೆಗೂ.

ಕಾಠಿಯಾವಾಡದ ಬೌಲಿಂಗ್ ಪೇಲವ, ಅದರ ಮೇಲೆ ಹೊಡೆದ 443ಕ್ಕೆ ಎಷ್ಟು ಬೆಲೆ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಅವರ ಪ್ರಥಮ ದರ್ಜೆ ಒಟ್ಟು 4841 ರನ್, ಸರಾಸರಿ 47.93. ಭಾಗಿಸಿದರೆ ಅವರು ಔಟ್ ಆಗಿದ್ದು 101 ಸಲ. ಈಗ ಆ 443ನ್ನ ಪೂರ್ತಿ ಅಳಿಸಿಬಿಡಿ, ಪುಣೆಯ ಪಂದ್ಯ ನಡೆದೇ ಇಲ್ಲ ಅಂದುಕೊಳ್ಳಿ. ಉಳಿಯೋದು 4398. ನಾಟ್‌ಔಟ್ ಆಗಿದ್ದರಿಂದ ಭಾಜಕ ಬದಲಾಗಲ್ಲ, ಅದೇ 101. ಸರಾಸರಿ 43.5. ಅಂದರೆ ಆ ಇನಿಂಗ್ಸ್ ಇಲ್ಲದೆಯೂ ಅವರು ಒಳ್ಳೆಯ ಬ್ಯಾಟ್ಸ್‌ಮನ್. ಔಟ್‌ಲೈಯರ್ ತೆಗೆದ ಮೇಲೂ ಮಾಡೆಲ್ ನಿಂತಿದೆ. ಹಾಗಾಗಿ ‘ಅದೃಷ್ಟದ ಒಂದು ದಿನ’ ಅನ್ನೋ ವಾದವನ್ನ ನಾನು ಒಪ್ಪಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

ಸಭಿಕರೊಬ್ಬರು: ಸರ್, ರಣಜಿಯಲ್ಲಿ ಮೊದಲ ಇನಿಂಗ್ಸ್ ಲೀಡ್ ಸಿಕ್ಕರೆ ಸಾಕು. 239ಕ್ಕೇ ಮಹಾರಾಷ್ಟ್ರದ ಕೆಲಸ ಆಗಿತ್ತಲ್ಲ. 588 ಲೀಡ್ ಆದಮೇಲೂ ಆಡ್ತಾ ಇದ್ದರೆ ಆ ರಾಜ ಮಾಡಿದ್ದರಲ್ಲಿ ತಪ್ಪೇನು?

ಒಳ್ಳೆ ಪ್ರಶ್ನೆ. ಅವರ ಕಡೆಯಿಂದಲೂ ನೋಡೋಣ. 1948ರ ಫೆಬ್ರವರಿಯಲ್ಲಿ ಕಾಠಿಯಾವಾಡದ ಸಂಸ್ಥಾನಗಳೆಲ್ಲ ಸೇರಿ ಒಂದೇ ರಾಜ್ಯವಾಗಿತ್ತು, ರಾಜಕೋಟವೂ ಅದರಲ್ಲಿ ಸೇರಿಹೋಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಮೂರು ದಿನ ಪುಣೆಯ ಬಿಸಿಲಲ್ಲಿ ನಿಂತು ಬಾಲ್ ಹೆಕ್ಕಿದ್ದಾರೆ. ರಾಜ್ಯ ಹೋದ ವರ್ಷವೇ ಇಂಥ ದಾಖಲೆಯಲ್ಲೂ ಹೆಸರು ಬರೋದು ಅಂದರೆ ಯಾರಿಗಾದರೂ ಚುಚ್ಚುತ್ತೆ. ಇದು ನನ್ನ ಊಹೆ, ಕಾರ್ಡ್‌ನಲ್ಲಿ ಇಲ್ಲ. ಆದರೆ ಲೆಕ್ಕದ ಪ್ರಕಾರ ಅವರ ನಿರ್ಧಾರ ಅವರಿಗೇ ತಿರುಗಿಬಿತ್ತು. ಹತ್ತು ರನ್ ಕೊಟ್ಟಿದ್ದರೆ ಹತ್ತು ವರ್ಷದಲ್ಲಿ ಬಹಾವಲಪುರ ಅವರ ಜಾಗ ತಗೊಳ್ತಿತ್ತು, ಕಾಠಿಯಾವಾಡವನ್ನ ಯಾರೂ ನೆನೆಸ್ತಿರಲಿಲ್ಲ. ಕೊಡದೇ ಹೋಗಿದ್ದಕ್ಕೆ ಇವತ್ತು ಹಡಪಸರದಲ್ಲಿ ಕನ್ನಡದವರು ಕೂತು ಮಾತಾಡ್ತಾ ಇದ್ದೀವಿ.

ಇನ್ನೊಬ್ಬರು: ನಿಂಬಾಳ್ಕರ್ ಅವರಿಗೆ ಬೇಜಾರು ಇತ್ತಾ?

ಬ್ರಾಡ್ಮನ್ ಅವರಿಗೆ ಮೆಚ್ಚಿ ಪತ್ರ ಬರೆದಿದ್ದರು ಅಂತ ಅವರ ಬಗೆಗಿನ ಬರಹಗಳಲ್ಲೆಲ್ಲ ಬರುತ್ತೆ. ಅವರು ತೀರಿಕೊಂಡಿದ್ದು 2012ರ ಡಿಸೆಂಬರ್ 11ಕ್ಕೆ, ಕೊಲ್ಹಾಪುರದಲ್ಲೇ. ಮರುದಿನ ಹುಟ್ಟುಹಬ್ಬ ಇತ್ತು, 93 ತುಂಬ್ತಿತ್ತು.

ಒಂದೇ ದಿನ ಕಮ್ಮಿ. ಸರಿ, ಕ್ಲಬ್‌ಹೌಸ್ ಕೀ ಎಂಟೂವರೆಗೆ ಕೊಡಬೇಕಂತೆ. ಮೈಸೂರಿನ ಕಾರ್ಡ್ ಯಾರಿಗೆ ಬೇಕೋ ಹೇಳಿ, ಗ್ರೂಪ್‌ಗೆ ಹಾಕ್ತೀನಿ. ಗರುಡಾಚಾರ್ ಅವರ ಎರಡೂ ಸಾಲು ಇರೋ ಪೂರ್ತಿ ಪುಟ.